ಚೀಟಿ ಎತ್ತಿ ತಂಡ ಕಟ್ಟಿದರೆ

ಆಳಂದ ತಾಲ್ಲೂಕಿನ ನಿಂಬರ್ಗಾ ಮತ್ತು ಅದರ ಸುತ್ತಲಿನ ಹಳ್ಳಿಗಳಿಂದ ಆಳಂದಕ್ಕೋ ಕಲಬುರಗಿಗೋ ಪದವಿ ಓದಲು ಹೋಗುವ ಹುಡುಗ ಹುಡುಗಿಯರು ತಮ್ಮ ಓಣಿ, ಜಾತಿ, ಮನೆಮಾತುಗಳನ್ನೂ ಜೊತೆಗೇ ಒಯ್ಯುತ್ತಾರೆ. ಕ್ಲಾಸಿನ ಬೆಂಚು ಅವರನ್ನು ಅಕ್ಕಪಕ್ಕ ಕೂರಿಸುತ್ತದೆ ಅಷ್ಟೆ. ಬುತ್ತಿ ಬಿಚ್ಚುವಾಗ ಬಹಳ ಸಲ ಮತ್ತೆ ಅವರವರದೇ ಗುಂಪು. ಮಹಾರಾಷ್ಟ್ರದ ಗಡಿಗೆ ಹತ್ತಿದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನಡೆಯುತ್ತವೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ತಾಲ್ಲೂಕಿನ ಕಡಗಂಚಿಯಲ್ಲಿದ್ದು, ಹೊರರಾಜ್ಯಗಳ ವಿದ್ಯಾರ್ಥಿಗಳೂ ಅಲ್ಲಿ ಓದುತ್ತಾರೆ. ಇಷ್ಟು ಬಗೆಯ ಜನರ ನಡುವೆ ಸ್ನೇಹ ಬೆಳೆಸಲು ಆಟವೇ ದಾರಿ ಎನ್ನುವುದು ವಾಡಿಕೆಯ ಮಾತು. ಅದು ಅರ್ಧ ನಿಜ. ಆಟ ಜನರನ್ನು ಕೂಡಿಸುತ್ತದೋ ಒಡೆಯುತ್ತದೋ ಎಂಬುದು ತಂಡವನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ಇದಕ್ಕೆ ಗಟ್ಟಿ ಪುರಾವೆ ನಮ್ಮ ದೇಶದಲ್ಲೇ ಸಿಕ್ಕಿದೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಗಳ 1,261 ಯುವಕರ ಮೇಲೆ ಪ್ರಯೋಗ ಮಾಡಿ, ತಿಂಗಳ ಕಾಲದ ಕ್ರಿಕೆಟ್ ಲೀಗ್‌ಗಳನ್ನು ನಡೆಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಯಾರು ಆಡಬೇಕು, ಯಾರು ಹೊರಗಿರಬೇಕು, ಯಾರಿಗೆ ಮಿಶ್ರ ತಂಡ, ಯಾರಿಗೆ ಒಂದೇ ಜಾತಿಯ ತಂಡ, ಎದುರಾಳಿ ಯಾರು ಎಂಬುದೆಲ್ಲ ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಹಾಗಾಗಿ, ಮೊದಲೇ ಉದಾರ ಮನಸ್ಸಿನವರು ಮಿಶ್ರ ತಂಡ ಸೇರಿಕೊಂಡರು ಎಂಬ ಅನುಮಾನಕ್ಕೆ ಎಡೆಯಿಲ್ಲ. ಮಿಶ್ರ ತಂಡದಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಹೆಚ್ಚಿದರು, ಸ್ವಜಾತಿಯತ್ತ ವಾಲುವ ಗುಣ ತಗ್ಗಿತು. ಅದೇ ಬೇರೆ ಜಾತಿಯವರು ಎದುರಾಳಿಗಳಾಗಿ ಸಿಕ್ಕಾಗ ಒಡನಾಟ ಸಾಮಾನ್ಯವಾಗಿ ಕುಗ್ಗಿತು. ಒಟ್ಟು ಲೆಕ್ಕದಲ್ಲಿ ಲಾಭವೇ ಹೆಚ್ಚಾದರೂ, ಊರಿಗೊಂದು ಓಣಿಗೊಂದು ತಂಡ ಮಾಡಿ ಕಪ್ಪಿಗಾಗಿ ಸೆಣಸುವ ನಮ್ಮ ರೂಢಿಯನ್ನು ಈ ಫಲಿತಾಂಶ ಪ್ರಶ್ನಿಸುತ್ತದೆ.

ಈ ವ್ಯತ್ಯಾಸದ ಕಾರಣವನ್ನು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಗುರುತಿಸಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ ಇದ್ದಲ್ಲಿ ಒಡನಾಟ ಪೂರ್ವಗ್ರಹವನ್ನು ಸಡಿಲಿಸುತ್ತದೆ. ಈ ದೃಷ್ಟಿಯಿಂದ ಕಬಡ್ಡಿ, ಖೋಖೋಗಳ ನಿಯಮಗಳನ್ನು ನೋಡಬೇಕು. ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕುಳಿತವನು ಮತ್ತೆ ಒಳಗೆ ಬರುವುದು ಜೊತೆಗಾರರು ಎದುರಾಳಿಯನ್ನು ಔಟ್ ಮಾಡಿದಾಗ. ರೈಡರ್‌ನನ್ನು ಸುತ್ತುವರಿಯಲು ಪಕ್ಕದವನ ಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಮುಟ್ಟಬಾರದೆಂಬ ಕಟ್ಟಳೆ ಅಲ್ಲಿ ನಿಲ್ಲಲಾರದು. ಖೋಖೋದಲ್ಲಿ ಬೆನ್ನಟ್ಟುವವರು ಕುಳಿತವರ ಸಾಲಿನ ನಡುವೆ ದಾಟುವಂತಿಲ್ಲ. ಆಚೆಗೆ ಓಡಿದವನನ್ನು ಹಿಡಿಯಲು ಆಚೆ ಮುಖ ಮಾಡಿ ಕುಳಿತ ಜೊತೆಗಾರರಿಗೆ ಖೋ ಕೊಡಬೇಕು. ಈ ಆಟಗಳಿಗೆ ಮುಖ್ಯವಾಗಿ ಬೇಕಾದದ್ದು ಒಂದಿಷ್ಟು ಬಯಲು.

ಇರಾಕಿನಲ್ಲಿ ರಾಜಕೀಯ ವಿಜ್ಞಾನಿ ಸಲ್ಮಾ ಮೂಸಾ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಾದಕ್ಕೆ ಬಲವಾದ ಆಕ್ಷೇಪವನ್ನು ಒಡ್ಡುತ್ತದೆ. ಮುಸ್ಲಿಮರ ಜೊತೆ ಒಂದೇ ಫುಟ್‌ಬಾಲ್ ತಂಡದಲ್ಲಿ ಆಡಿದ, ಊರು ಬಿಟ್ಟು ಬಂದಿದ್ದ ಕ್ರೈಸ್ತರು ಆರು ತಿಂಗಳ ಮೇಲೂ ಮುಸ್ಲಿಮರೊಂದಿಗೆ ಅಭ್ಯಾಸ ಮಾಡಲು ಮುಂದಾದರು. ಮೈದಾನದ ಹೊರಗಿನ ಬದುಕಿನಲ್ಲಿ ಮಾತ್ರ ಹೇಳಿಕೊಳ್ಳುವಷ್ಟು ಬದಲಾವಣೆ ಕಾಣಲಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ಕಾಲೇಜಿನ ಜೊತೆಗಾರರು ಮೈದಾನದಿಂದ ಅದೇ ಕ್ಲಾಸಿಗೆ, ಅದೇ ಹಾಸ್ಟೆಲಿಗೆ, ಅದೇ ಬಸ್ಸಿಗೆ ಮರಳುತ್ತಾರೆ. ಮೈದಾನದಲ್ಲಿ ಬೆಳೆದ ಪರಿಚಯಕ್ಕೆ ದಿನವೂ ನೀರು ಬೀಳುತ್ತದೆ ಎಂಬುದು ನನ್ನ ನಂಬಿಕೆ.

ಓದಿಗೆ ಹೊತ್ತೇ ಸಾಲದು, ಆಟವೆಲ್ಲಿ ಎನ್ನುವ ತಂದೆತಾಯಿಯರ ಆತಂಕವೂ ಸಣ್ಣದಲ್ಲ. ಬರೀ ಪರಿಚಯದವರು ಸಾಮಾನ್ಯ ಮಟ್ಟದ ಗೆಳೆಯರಾಗಲು ಸುಮಾರು 50 ತಾಸಿನ ಒಡನಾಟ ಬೇಕೆಂದು ಸಂಶೋಧಕ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ. ವಾರಕ್ಕೆ ಮೂರು ತಾಸಿನಂತೆ 16 ವಾರ ಆಡಿದರೆ 48 ತಾಸು. ಒಂದು ಸೆಮಿಸ್ಟರ್‌ ಸಾಕು. ಆದರೆ ಆ ತಾಸು ಕ್ಲಾಸು ಮುಗಿದ ಮೇಲೆ ಬಂದರೆ ದೂರದ ಹಳ್ಳಿಯವರು, ಅದರಲ್ಲೂ ಹುಡುಗಿಯರು, ಬಸ್ಸು ತಪ್ಪುವ ಭಯಕ್ಕೆ ಹೊರಗುಳಿಯುತ್ತಾರೆ. ಆಟವೂ ವೇಳಾಪಟ್ಟಿಯ ಒಳಗೇ, ಬಿಸಿಲೇರುವ ಮುಂಚಿನ ಪೀರಿಯಡ್ಡಿನಲ್ಲೇ ಇರಬೇಕು. ಹುಡುಗಿಯರಿಗೂ ಸಮನಾದ ಹೊತ್ತು, ಸಮನಾದ ಅಂಗಳ ಸಿಗಬೇಕು. ಓಣಿ, ಜಾತಿ ನೋಡದೆ ಚೀಟಿ ಎತ್ತಿ ತಂಡ ಕಟ್ಟುವಾಗ, ಕಾಲೇಜು ತಂಡಕ್ಕೆ ಆಯ್ಕೆಯಾಗದವರ ಹೆಸರೂ ಚೀಟಿಯಲ್ಲಿರಬೇಕು.