ಹುಲಿಮನೆಗೂ ಒಂದು ಹಿತ್ತಿಲ ಬಾಗಿಲು

ರಜೆ ಬಂತೆಂದರೆ ಮಕ್ಕಳದು ಒಂದೇ ಹಟ, 'ಹುಲಿ ನೋಡೋಕೆ ಹೋಗೋಣ' ಅಂತ. ತುಮರಿ, ಬ್ಯಾಕೋಡು ಕಡೆಯವರಿಗೆ ಮೊದಲೆಲ್ಲ ಇದು ಸಲೀಸಿನ ಮಾತಾಗಿರಲಿಲ್ಲ. ಲಾಂಚ್ ಹಿಡಿದು ಹಿನ್ನೀರು ದಾಟಬೇಕು, ಸಾಗರಕ್ಕೆ ಹೋಗಬೇಕು, ಅಲ್ಲಿಂದ ಶಿವಮೊಗ್ಗದ ಬಸ್ಸು ಹತ್ತಬೇಕು. ವಾಪಸ್ ಬರುವಾಗ ಕೊನೆಯ ಲಾಂಚ್ ತಪ್ಪಿದರೆ ಏನು ಗತಿ ಎಂಬ ಆತಂಕ ಬೇರೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಚಿಂತೆ ತಪ್ಪಿತು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ, ಶಿವಮೊಗ್ಗಕ್ಕಿಂತ ಮೊದಲೇ ಸಿಗುವ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ನೋಡಿಕೊಂಡು ನಿಧಾನಕ್ಕೆ ಮನೆಗೆ ಬರಬಹುದು.

ಆದರೆ ಬಂದ ಮೇಲೆ ಮಕ್ಕಳು ಏನು ಹೇಳ್ತಾರೆ? 'ಹುಲಿ ಮಲಗೇ ಇತ್ತಮ್ಮ, ಏಳಲೇ ಇಲ್ಲ!' ದುಡ್ಡು ಕೊಟ್ಟು ಬಂದಿದ್ದೇವಲ್ಲ ಅಂತ ದೊಡ್ಡವರೂ ಹುಯ್ ಅಂತ ಕೂಗೋದು, ಚಪ್ಪಾಳೆ ತಟ್ಟೋದು. ಹುಲಿ, ಸಿಂಹ ದಿನದ ಬಹುಪಾಲು ಮಲಗಿಯೇ ಕಳೆಯುತ್ತವೆ. ಅದು ಅವುಗಳ ಸ್ವಭಾವ, ಸೋಮಾರಿತನವೇನೂ ಅಲ್ಲ ಬಿಡಿ. ಹುಲಿ ಹಾಗೆ ನಿಶ್ಚಿಂತೆಯಾಗಿ ಮಲಗಬೇಕಾದರೆ ಅದರ ಬೆನ್ನ ಹಿಂದೆ ಎಷ್ಟು ಜನ ಎದ್ದಿರಬೇಕು ಗೊತ್ತಾ?

ಮೃಗಾಲಯ ಎಂದರೆ ಒಂದು ದೊಡ್ಡ ಸಂಸಾರ. ಅಡುಗೆಮನೆ ಉಂಟು, ಉಗ್ರಾಣ ಉಂಟು, ಬಾಣಂತಿ ಕೋಣೆ, ಕಾಯಿಲೆ ಕೋಣೆ ಕೂಡ ಉಂಟು. ಮನೆಯಲ್ಲಿ ಒಬ್ಬರಿಗೆ ಸಪ್ಪೆ, ಒಬ್ಬರಿಗೆ ಖಾರ ಅಂದರೇ ನಮಗೆ ತಲೆ ಬಿಸಿಯಾಗುತ್ತದೆ. ಅಲ್ಲಿ ಜಿಂಕೆಗೆ ಹಸಿಹುಲ್ಲು, ಕರಡಿಗೆ ರಾಗಿಮುದ್ದೆ, ಹಣ್ಣು, ಗಿಳಿಗೆ ಕಾಳು, ಹೆಬ್ಬಾವಿಗೆ ಎಷ್ಟೋ ದಿನಕ್ಕೊಮ್ಮೆ ಊಟ. ಬೆಳೆದ ಹುಲಿಯೊಂದಕ್ಕೆ ದಿನಕ್ಕೆ ಎಂಟು-ಹತ್ತು ಕಿಲೋ ಮಾಂಸ ಬೇಕು. ಅದೂ ತೂಗಿ, ತಾಜಾ ಇದೆಯೇ ಎಂದು ನೋಡಿಯೇ ಕೊಡಬೇಕು. ವಾರದಲ್ಲಿ ಒಂದು ದಿನ ಮಾಂಸಾಹಾರಿಗಳಿಗೆ ಉಪವಾಸ! ಕಾಡಿನಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲವಲ್ಲ, ಹೊಟ್ಟೆಗೆ ಬಿಡುವು ಸಿಗಲಿ ಎಂದು ಈ ಏಕಾದಶಿ.

ಊಟವನ್ನು ಸಾಮಾನ್ಯವಾಗಿ ಸಂಜೆ, ಒಳಗಿನ ಕೋಣೆಯಲ್ಲೇ ಕೊಡುತ್ತಾರೆ. ಹಸಿದ ಹುಲಿ ಕರೆದ ತಕ್ಷಣ ತಾನಾಗಿ ಒಳಗೆ ಬರುತ್ತದೆ. ಬಂದಾಗ ಪಾಲಕರು ಹತ್ತಿರದಿಂದ ನೋಡಿಕೊಳ್ಳುತ್ತಾರೆ: ಕುಂಟುತ್ತಿದೆಯಾ, ಎಲ್ಲಾದರೂ ಗಾಯವಾಗಿದೆಯಾ, ತಟ್ಟೆಯ ಮಾಂಸ ಮಿಕ್ಕಿದೆಯಾ... ಬೆಳಿಗ್ಗೆ ಮತ್ತೆ ಹೊರಗೆ ಬಿಟ್ಟ ಮೇಲೆ ಕೋಣೆ ತೊಳೆಯುವ ಕೆಲಸ. ತೊಳೆಯುವ ಮೊದಲು ಲದ್ದಿ ನೋಡಬೇಕು. ಮೂಗು ಮುರಿಯಬೇಡಿ! ಕೊಟ್ಟಿಗೆ ಇರುವ ಮನೆಯ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಗಣಿ ನೀರಾಗಿದ್ದರೆ, ದನ ಮೆಲುಕು ಹಾಕದೆ ನಿಂತಿದ್ದರೆ ಡಾಕ್ಟರು ಬರುವ ಮೊದಲೇ ನಮಗೆ ಗೊತ್ತಾಗುತ್ತದೆ. ಕಾಡುಪ್ರಾಣಿಯ ವಿಷಯದಲ್ಲಿ ಈ ಕಣ್ಣು ಇನ್ನೂ ಚುರುಕಾಗಿರಬೇಕು. ಏಕೆಂದರೆ ಅವು ಕಾಯಿಲೆ ಮುಚ್ಚಿಡುತ್ತವೆ. ಕಾಡಿನಲ್ಲಿ ಸೊರಗಿದಂತೆ ಕಂಡವನೇ ಮೊದಲ ತುತ್ತು. ಅದಕ್ಕೇ ಪಾಲಕರು ದಿನಾ ಬರೆದಿಡುವ ಪುಸ್ತಕದಲ್ಲಿ 'ಇವತ್ತು ಊಟ ಅರ್ಧ ಬಿಟ್ಟಿದೆ' ಎಂಬ ಒಂದು ಸಾಲಿಗೂ ಬೆಲೆ ಇದೆ.

ಇನ್ನು ಬಾಣಂತನ. ಗಬ್ಬವಾದ ಪ್ರಾಣಿಯನ್ನು ಸದ್ದಿಲ್ಲದ ಕಡೆ ಬೇರೆ ಇಡುತ್ತಾರೆ. ಹುಲಿ, ಚಿರತೆ ಮರಿ ಹಾಕಿದಾಗ ಪರಿಚಯದ ಒಬ್ಬಿಬ್ಬರು ಪಾಲಕರನ್ನು ಬಿಟ್ಟು ಬೇರೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಗಲಾಟೆಗೆ ಬೆದರಿದ ತಾಯಿ ಮರಿಗಳನ್ನು ದೂರ ಮಾಡುವುದುಂಟು, ಕೊಲ್ಲುವುದೂ ಉಂಟು. ತಾಯಿ ಬಿಟ್ಟ ಮರಿಗೆ ರಾತ್ರಿಯೆಲ್ಲ ಎರಡು-ಮೂರು ತಾಸಿಗೊಮ್ಮೆ ಬಾಟಲಿ ಹಾಲು. ನಿದ್ದೆಗೆಟ್ಟು ಮಗು ಬೆಳೆಸಿದವರಿಗೆ ಆ ಕಷ್ಟ ಅರ್ಥವಾದೀತು. ಬೋನಿನ ಮುಂದೆ ಮಕ್ಕಳು ಕಿರುಚಿದರೆ 'ಶ್' ಅನ್ನಲು ಇಷ್ಟು ಕಾರಣ ಸಾಲದೇ?

ಈ ಕೆಲಸದಲ್ಲಿ ಪ್ರಾಣದ ಹಂಗೂ ಇದೆ. ಪ್ರತಿ ಕೋಣೆಗೂ ಎರಡೆರಡು ಬಾಗಿಲು. ಒಂದು ಚಿಲಕ ಹಾಕಿ, ಎಳೆದು ನೋಡಿದ ಮೇಲೇ ಇನ್ನೊಂದು ತೆಗೆಯಬೇಕು. ಒಳಗೆ ಹೋಗುವ ಮುನ್ನ ಪ್ರಾಣಿಗಳ ಲೆಕ್ಕ ಹಾಕಬೇಕು. 2017ರ ಅಕ್ಟೋಬರಿನಲ್ಲಿ ಬನ್ನೇರುಘಟ್ಟದಲ್ಲಿ ಬಿಳಿ ಹುಲಿಗಳ ದಾಳಿಗೆ ಪಾಲಕರೊಬ್ಬರು ಬಲಿಯಾದರು. ಎಷ್ಟು ವರ್ಷ ಕೈತುತ್ತು ಹಾಕಿದರೂ ಹುಲಿ ಹುಲಿಯೇ. 'ಬಾ ಮರಿ' ಎಂದು ಅವರು ಪ್ರೀತಿಯಿಂದ ಕರೆಯುವುದು ಕೇಳಿ, ಅದೇನು ನಾಯಿಯಂತೆ ಸಾಕಿದ್ದಾರೆ ಅಂದುಕೊಳ್ಳಬೇಡಿ.

ಅಲ್ಲಿಯವರನ್ನು ಹುಲಿಗಿಂತ ಹೆಚ್ಚು ಹೆದರಿಸುವುದು ಸೋಂಕು. ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಎದೆ ಧಸಕ್ ಎನ್ನುತ್ತದೆ ಅಲ್ವಾ? ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ, 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಮನೆಗಳನ್ನು ಅಳಿಸಿದ್ದನ್ನು ಮರೆಯಲಾದೀತೇ? ಮೃಗಾಲಯಗಳಲ್ಲೂ ಹಾಗೆಯೇ, ಒಂದು ಸಾವು ಎಂದರೆ ಎಚ್ಚರಿಕೆಯ ಗಂಟೆ. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಮೈಸೂರು ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಿದರು. 2025ರ ನವೆಂಬರಿನಲ್ಲಿ ಬೆಳಗಾವಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ರಷ್ಟು ಕೃಷ್ಣಮೃಗಗಳು ಸತ್ತವು. ಕಾರಣ ಗಳಲೆ ರೋಗ, ನಮ್ಮ ಎಮ್ಮೆ-ದನಗಳಿಗೂ ಬರುವಂಥದ್ದೇ. ಹೊಸದಾಗಿ ಬಂದ ಪ್ರಾಣಿಯನ್ನು ವಾರಗಟ್ಟಲೆ ಬೇರೆ ಇಡುವುದು, ಬಾಗಿಲಲ್ಲಿ ಔಷಧಿ ನೀರಿನಲ್ಲಿ ಕಾಲು ಅದ್ದಿಸುವುದು, ಸತ್ತ ಪ್ರಾಣಿಯನ್ನು ಕೊಯ್ದು ಪರೀಕ್ಷಿಸದೆ ವಿಲೇವಾರಿ ಮಾಡದಿರುವುದು, ಎಲ್ಲ ಇದಕ್ಕಾಗಿಯೇ.

ಆದ್ದರಿಂದ ದನ ಸಾಕಿದವರಿಗೆ ಒಂದು ಕಿವಿಮಾತು. ಮನೆಯಲ್ಲೋ ಪಕ್ಕದ ಕೇರಿಯಲ್ಲೋ ಕಾಲುಬಾಯಿ ಜ್ವರ ಇದ್ದರೆ ಪ್ರವಾಸ ಮುಂದೆ ಹಾಕಿ. ಆ ರೋಗ ಜಿಂಕೆ, ಕಾಡುಕೋಣಗಳಿಗೂ ತಗಲುತ್ತದೆ, ಚಪ್ಪಲಿಗೆ ಮೆತ್ತಿದ ಸಗಣಿಯಲ್ಲೂ ಸಾಗುತ್ತದೆ. ಕಾಯಿಲೆ ಇಲ್ಲದಿದ್ದರೂ ಕೊಟ್ಟಿಗೆಯ ಚಪ್ಪಲಿ ಮನೆಯಲ್ಲೇ ಇರಲಿ, ಪೇಟೆ ಚಪ್ಪಲಿ ಹಾಕಿಕೊಂಡು ಹೋಗಿ.

ಬುತ್ತಿಯ ವಿಷಯವೂ ಅಷ್ಟೇ. ಚಿತ್ರಾನ್ನ, ಅವಲಕ್ಕಿ ಡಬ್ಬಿಯಲ್ಲಿ ತುಂಬಿಕೊಳ್ಳಿ, ಪ್ಲಾಸ್ಟಿಕ್ ಪೊಟ್ಟಣ ಬೇಡ. ಎಣ್ಣೆ ಮೆತ್ತಿದ ಕವರು ಗಾಳಿಗೆ ಹಾರಿ ಜಿಂಕೆಯ ಅಂಗಳಕ್ಕೆ ಬಿದ್ದರೆ ಅದು ಉಪ್ಪಿನಾಸೆಗೆ ನುಂಗುತ್ತದೆ. ಪೇಟೆ ದನದ ಹೊಟ್ಟೆಯಿಂದ ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದ ಸುದ್ದಿ ಓದಿದ್ದೀರಲ್ಲ, ಹಾಗೇ. 'ಪಾಪ, ಒಂದು ಬಾಳೆಹಣ್ಣು ತಾನೇ' ಎಂದು ಕೋತಿಗೆ ಎಸೆಯುವುದೂ ಬೇಡ. ನಾವು ನೂರು ಜನ ಒಂದೊಂದು ಎಸೆದರೆ, ಅಳೆದು ಕೊಟ್ಟ ಅದರ ಊಟ ಸಂಜೆ ಹಾಗೇ ಮಿಕ್ಕಿರುತ್ತದೆ. ಕಾಯಿಲೆಯೋ, ಹೊಟ್ಟೆ ತುಂಬಿದ್ದೋ ತಿಳಿಯದೆ ಪಾಲಕರಿಗೆ ಫಜೀತಿ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಆವರಣಕ್ಕೆ ಕಸ ಹಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ದುಡ್ಡಿನ ಮಾತು ಒಂದಿದೆ. ಪ್ರಾಣಿಗಳ ಊಟ, ಔಷಧಿಗೆ ನಾವು ಕೊಡುವ ಟಿಕೆಟ್ ಹಣ ದೊಡ್ಡ ಆಧಾರ. 2020ರಲ್ಲಿ ಕೋವಿಡ್ ಎಂದು ಗೇಟು ಮುಚ್ಚಿದಾಗ ವರಮಾನ ನಿಂತಿತು, ಹಸಿವು ನಿಲ್ಲುತ್ತದೆಯೇ? ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆ ಇದೆ. ಹುಲಿ, ಆನೆಯ ಖರ್ಚು ನಮ್ಮ ಕೈಗೆ ಎಟುಕದಿರಬಹುದು. ಸಣ್ಣ ಹಕ್ಕಿಗೆ ಮೊತ್ತವೂ ಸಣ್ಣದು. ಮಗುವಿನ ಹುಟ್ಟುಹಬ್ಬಕ್ಕೆ ಕೇಕಿನ ಜೊತೆ ಇದನ್ನೂ ಯೋಚಿಸಿ. ಪ್ರಾಣಿಯನ್ನು ಮನೆಗೆ ಕೊಡುವುದಿಲ್ಲ ಎಂದು ಮಾತ್ರ ಮಗುವಿಗೆ ಮೊದಲೇ ಹೇಳಿಬಿಡಿ!

ಹೋದಾಗ ಪಾಲಕರು ಬಿಡುವಾಗಿ ಸಿಕ್ಕರೆ ಮಕ್ಕಳಿಂದಲೇ ಪ್ರಶ್ನೆ ಕೇಳಿಸಿ: 'ಇದು ನಿನ್ನೆ ಎಷ್ಟು ತಿಂತು? ಇದಕ್ಕೆ ಯಾರ ದನಿ ಗುರುತು?' ಹುಲಿ ಏಳದಿದ್ದರೂ ಮಕ್ಕಳಿಗೆ ಬೇಸರವಾಗದು. ಮತ್ತೆ, ಮಂಗಳವಾರ ಹೊರಡಬೇಡಿ, ಅಂದು ವಾರದ ರಜೆ. ರಜೆ ನಮಗಷ್ಟೇ, ಒಳಗೆ ಕೋಣೆ ತೊಳೆಯುವುದು, ಬೇಲಿ ರಿಪೇರಿ, ಹುಲ್ಲು ಹಾಕುವುದು ನಡೆದೇ ಇರುತ್ತದೆ.