ಸಬ್ಬಕ್ಕಿ ಗಂಜಿ: ಶಕ್ತಿ ಉಂಟು, ಪುಷ್ಟಿ ಸಾಲದು

ಜ್ವರ ಬಿಟ್ಟ ಮಗುವಿಗೆ ಸಬ್ಬಕ್ಕಿ ಗಂಜಿ ಕೊಡುವುದು ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಬಹುಕಾಲದ ರೂಢಿ. ಅದು ಹಗುರ, ಬೇಗ ಜೀರ್ಣವಾಗುತ್ತದೆ ಎಂಬ ಮಾತು ನಿಜವೇ. ಆದರೆ ವಾರಗಟ್ಟಲೆ ಅದನ್ನೇ ಕುಡಿಸಿ, ಮಗು ಯಾಕೋ ಚೇತರಿಸಿಕೊಳ್ಳುತ್ತಿಲ್ಲವೆಂದು ಕೊರಗುವ ತಾಯಂದಿರನ್ನೂ ನಾವು ಕಂಡಿದ್ದೇವೆ.

ನಿಜವಾದ ಸಾಗು ತಾಳೆ ಜಾತಿಯ ಮರದ ತಿರುಳಿನದು. ನಮ್ಮ ಬೈನೆ ಮರದ ತಿರುಳಿನಲ್ಲೂ ಅಂಥ ಹಿಟ್ಟು ಉಂಟು. ಅಂಗಡಿಯಲ್ಲಿ ನಾವು ಕೊಳ್ಳುವ ಸಬ್ಬಕ್ಕಿಯಾದರೋ ಮರಗೆಣಸಿನ ಪಿಷ್ಟ. ದಕ್ಷಿಣ ಅಮೆರಿಕ ಮೂಲದ ಈ ಬೆಳೆಗೆ 1880ರ ದಶಕದಲ್ಲಿ ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು ಪ್ರೋತ್ಸಾಹ ಕೊಟ್ಟರು. 1940ರ ದಶಕದ ಯುದ್ಧಕಾಲದಲ್ಲಿ ಹೊರದೇಶದ ಸಾಗು ದುರ್ಲಭವಾದಾಗ ಸೇಲಂ ಕಡೆ ಸಬ್ಬಕ್ಕಿ ತಯಾರಿಕೆ ಬೇರೂರಿತು. ಗೆಣಸಿನ ಸಿಪ್ಪೆ ತೆಗೆದು, ಅರೆದು, ನೀರಿನಲ್ಲಿ ಸೋಸಿ, ತಳಕ್ಕಿಳಿದ ಹಸಿ ಪಿಷ್ಟವನ್ನು ಕಾಳು ಕಟ್ಟಿಸಿ, ಕಾದ ಬಾಣಲೆಯಲ್ಲಿ ಹುರಿದು ಒಣಗಿಸುತ್ತಾರೆ. ಹೀಗೆ ಅರೆದು ತೊಳೆಯುವಾಗ ಹಸಿಗೆಣಸಿನ ವಿಷಾಂಶ ಬಹುಪಾಲು ಹೋಗುತ್ತದೆ. ಮೊದಲೇ ಅಲ್ಪವಾಗಿದ್ದ ಸಸಾರಜನಕವೂ ಜೀವಸತ್ವಗಳೂ ಅದರ ಜೊತೆಗೇ ಹೋಗುತ್ತವೆ. (ಮನೆಯಲ್ಲಿ ಮರಗೆಣಸು ಸುಲಿದವರು ಹಸಿ ಸಿಪ್ಪೆಯನ್ನು ದನಗಳ ಮುಂದೆ ಸುರಿಯಬಾರದು. ಕಾಡುಹಂದಿ ಉಳಿಸಿಕೊಟ್ಟ ಗೆಣಸಿನಿಂದ ಹಸುವನ್ನು ಕಳೆದುಕೊಳ್ಳುವಂತಾಗಬಾರದು.)

ಉಳಿಯುವುದು ಶುದ್ಧ ಪಿಷ್ಟ. 100 ಗ್ರಾಂ ಸಬ್ಬಕ್ಕಿಯಿಂದ ಸುಮಾರು 350 ಕ್ಯಾಲೊರಿ ಶಕ್ತಿ ದೊರೆತರೂ ಸಸಾರಜನಕ 1 ಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ಹೆಸರುಬೇಳೆಯಲ್ಲಿ ಅದು ಸುಮಾರು 24 ಗ್ರಾಂ! ಆದ್ದರಿಂದ ಗಂಜಿಯನ್ನು ಬಿಡಬೇಕಿಲ್ಲ, ಅದಕ್ಕೆ ಜೊತೆ ಕೊಡಬೇಕು. ಒಂದು ಹಿಡಿ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ ಬೆರೆಸಿರಿ, ಇಲ್ಲವೇ ಹಾಲು ಹಾಕಿರಿ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ತಾಯಿಯ ಹಾಲಲ್ಲದೆ ಯಾವ ಗಂಜಿಯೂ ಬೇಡ. ಮರಾಠಿಗರು ಸಬ್ಬಕ್ಕಿ ಖಿಚಡಿಗೆ ಹುರಿದ ಕಡಲೆಕಾಯಿ ಪುಡಿ ಧಾರಾಳವಾಗಿ ಹಾಕುತ್ತಾರೆ. ರುಚಿಗೆಂದು ಹಾಕಿದರೂ ಕೊರತೆ ತುಂಬುವುದು ಅದೇ. ಏಕಾದಶಿಯ ಹೆಸರಿನಲ್ಲಿ ಎರಡು ತಟ್ಟೆ ಖಿಚಡಿ ತಿನ್ನುವ ಸಕ್ಕರೆ ಕಾಯಿಲೆಯವರಿಗೆ ಅದು ಉಪವಾಸವೇ ಅಲ್ಲ. ರಕ್ತದ ಸಕ್ಕರೆ ಬೇಗ ಏರುತ್ತದೆ.

ಖಿಚಡಿ ಮುದ್ದೆಯಾಗುತ್ತದೆಂದು ದೂರುವವರು, ಕಾಳಿನ ಮೈಗಂಟಿದ ಹಿಟ್ಟು ಹೋಗಿ ನೀರು ತಿಳಿಯಾಗುವವರೆಗೆ ತೊಳೆದು, ಕಾಳು ಮುಳುಗುವಷ್ಟೇ ನೀರಿನಲ್ಲಿ ನೆನೆಸಲಿ. ಸಂಡಿಗೆಗಾದರೆ ಅಂಟೇ ಬೇಕು. ರಾತ್ರಿ ನೆನೆಸಿದ್ದನ್ನು ಬೆಳಿಗ್ಗೆ ಗಾಜಿನಂತೆ ಪಾರದರ್ಶಕವಾಗುವವರೆಗೆ ಬೇಯಿಸಬೇಕು. ಕಾಳಿನ ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲವೆಂದೇ ಲೆಕ್ಕ. ಇಳಿಸಿದ ಮೇಲೆ ಉಪ್ಪು, ಅರೆದ ಹಸಿಮೆಣಸು, ಜೀರಿಗೆ, ಸ್ವಲ್ಪ ಹುಳಿಮಜ್ಜಿಗೆ ಸೇರಿಸಿರಿ. ಅಡಿಕೆ ಒಣಗಿಸಿ ಅಂಗಳ ಖಾಲಿಯಾದ ಬೇಸಗೆಯಲ್ಲಿ ಒದ್ದೆ ಬಟ್ಟೆ ಹಾಸಿ, ಚಮಚದಿಂದ ಬಿಟ್ಟು, ಕಾಗೆ ಕಾಯಲು ಮಕ್ಕಳನ್ನು ಕೂರಿಸಿದರಾಯಿತು.