ಸೌಟು ಕೈಯಿಂದ ಜಾರುವ ಮುನ್ನ

ಊರಿಗೆಲ್ಲ ಹೊತ್ತು ಹೊತ್ತಿಗೆ ಊಟ ಬಡಿಸುವ ನಾವು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಇದು ನಮ್ಮ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತಿರುವ ಮಾತು. ಇದರ ಬೆಲೆ ಎಷ್ಟು ಎಂದು ನಮಗೆ ತಿಳಿದದ್ದು ಮಾತ್ರ ನಮ್ಮ ಅಡುಗೆಯ ಭಟ್ಟರು ಒಲೆಯ ಮುಂದೆಯೇ ಕುಸಿದಾಗ.

ಕೋಲ್ಕತ್ತದ ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣ ಭಾರತದವರು ಹೆಚ್ಚು. ನಮ್ಮ ಹೋಟೆಲೂ ಆ ಕಡೆಯೇ. ಇಲ್ಲಿಯ ಮದುವೆ ಊಟ ಮುಗಿಯುವಾಗ ಮಧ್ಯರಾತ್ರಿ ಕಳೆದಿರುತ್ತದೆ. ಅಂಥದೊಂದು ಆರ್ಡರ್ ಮುಗಿಸಿ, ಎರಡು ಗಂಟೆ ಮಲಗಿ, ಬೆಳಿಗ್ಗೆ ಐದೂವರೆಗೆ ಭಟ್ಟರು ಸಾಂಬಾರಿಗೆ ನಿಂತಿದ್ದರು. ಬಲಗೈಯಿಂದ ಸೌಟು ಜಾರಿತು. ಬಾಯಿ ಒಂದು ಕಡೆ ವಾಲಿತು, ಮಾತು ತೊದಲಿತು. ನಿದ್ದೆಗೆಟ್ಟ ಸುಸ್ತು ಎಂದುಕೊಂಡು ನಾವು ಚಹಾ ಕುಡಿಸಿ ಮಲಗಿಸಿದೆವು. ತಿಂಡಿಯ ಹೊತ್ತು, ಗಿರಾಕಿಗಳ ಗದ್ದಲ. ಆಸ್ಪತ್ರೆ ಮುಟ್ಟುವಾಗ ಗಂಟೆ ಹತ್ತೂವರೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಹೊತ್ತು ಮೀರಿತ್ತು. ತಪ್ಪು ನಮ್ಮದೇ.

ಮೆದುಳಿನ ಒಳಗಿನ ರಕ್ತನಾಳ ಕಿರಿದಾಗಿ ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಈ ತೊಂದರೆ ಬಿಳಿಯರಿಗಿಂತ ಭಾರತ, ಚೀನಾ ಮುಂತಾದ ಏಷ್ಯಾದ ಜನರಲ್ಲಿ ಹೆಚ್ಚು. "ಸಿಂಕಿನ ಪೈಪಿನಲ್ಲಿ ಜಿಡ್ಡು ಕಟ್ಟಿದ ಹಾಗೆಯೇ?" ಎಂದು ಕೇಳಿದೆವು. "ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕೆ ಜೀವವಿದೆ" ಎಂದರು. ಬಿ.ಪಿ., ಶುಗರ್, ತಂಬಾಕು ಇವು ನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಆಗ ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ಸೇರುತ್ತದೆ. ಅದರ ಮೇಲೆ ಹೋರಾಡಲು ಬಿಳಿ ರಕ್ತಕಣಗಳು ಬರುತ್ತವೆ. ಗೋಡೆ ಒಳಗೊಳಗೇ ಊದಿಕೊಳ್ಳುತ್ತದೆ. ಇದೇ ಉರಿಯೂತ. ಹೊಟ್ಟೆಯ ಬೊಜ್ಜೂ ಇದಕ್ಕೆ ತುಪ್ಪ ಸುರಿಯುತ್ತದೆ. ನೋವಿಲ್ಲ, ಜ್ವರವಿಲ್ಲ. ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತುಮಾಡಿಕೊಳ್ಳಲು ಐದು ಲೆಕ್ಕಗಳಿವೆ. ಸೊಂಟದ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂ.ಮೀ. ಮುಟ್ಟಿರುವುದು, ಬಿ.ಪಿ. ೧೩೦/೮೫ ಮುಟ್ಟಿರುವುದು, ಖಾಲಿ ಹೊಟ್ಟೆಯ ಶುಗರ್ ೧೦೦ ಮುಟ್ಟಿರುವುದು, ಟ್ರೈಗ್ಲಿಸರೈಡ್ ೧೫೦ ಮುಟ್ಟಿರುವುದು, ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಿಗೆ ೪೦ಕ್ಕಿಂತ, ಹೆಂಗಸರಿಗೆ ೫೦ಕ್ಕಿಂತ ಕಡಿಮೆ ಇರುವುದು. ಇದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಭಟ್ಟರಿಗೆ ನಾಲ್ಕು ಇದ್ದವು. ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ಎರಡು ಸಲ ಹತ್ತು ನಿಮಿಷ ಕೈ ಜೋಮು ಹಿಡಿದಿತ್ತು ಎಂದು ಆಮೇಲೆ ಮನೆಯವರು ಹೇಳಿದರು. ದೋಸೆ ಹುಯ್ದು ಹುಯ್ದು ಹಾಗಾಯಿತು ಎಂದುಕೊಂಡಿದ್ದರಂತೆ. ಅದು ಮುನ್ಸೂಚನೆಯಾಗಿತ್ತು.

ಹೃದಯಕ್ಕೆ ಹಾಕುವಂತೆ ಸ್ಟೆಂಟ್ ಹಾಕಬಹುದಲ್ಲ ಎಂದೂ ಕೇಳಿದೆವು. ಅಮೆರಿಕದಲ್ಲಿ ಇಂಥ ೪೫೧ ರೋಗಿಗಳ ಮೇಲೆ ನಡೆದ ಅಧ್ಯಯನ ೨೦೧೧ರಲ್ಲಿ ಪ್ರಕಟವಾಯಿತು. ಒಂದು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್ ಹಾಕಿದವರಲ್ಲಿ ಶೇ. ೧೪.೭, ಮಾತ್ರೆ ಮತ್ತು ಪಥ್ಯದಲ್ಲಿದ್ದವರಲ್ಲಿ ಶೇ. ೫.೮. ಎಂದರೆ ಹೆಚ್ಚಿನವರಿಗೆ ಮಾತ್ರೆ, ಬಿ.ಪಿ. ಹತೋಟಿ, ನಡಿಗೆ, ಊಟದ ಶಿಸ್ತು ಇವೇ ಮುಖ್ಯ ಮದ್ದು.

ಇದು ಒಬ್ಬ ಭಟ್ಟರ ಕಥೆಯಲ್ಲ. ೨೦೦೩ರಿಂದ ೨೦೦೫ರವರೆಗೆ ಕೋಲ್ಕತ್ತದಲ್ಲಿ ೫೨,೩೭೭ ಜನರ ನಡುವೆ ಸ್ಟ್ರೋಕ್ ಸಮೀಕ್ಷೆ ನಡೆಯಿತು. ವರ್ಷಕ್ಕೆ ಲಕ್ಷಕ್ಕೆ ಸುಮಾರು ೧೪೫ ಮಂದಿಗೆ ಹೊಸದಾಗಿ ಸ್ಟ್ರೋಕ್, ಅವರಲ್ಲಿ ನೂರಕ್ಕೆ ೪೧ ಮಂದಿ ೩೦ ದಿನದೊಳಗೆ ಸಾವು ಎಂಬ ಲೆಕ್ಕ ೨೦೦೭ರಲ್ಲಿ ಪ್ರಕಟವಾಯಿತು.

ಈಗ ನಮ್ಮ ಹೋಟೆಲಿನಲ್ಲಿ ಮಾಡಿಕೊಂಡಿರುವ ಕ್ರಮಗಳನ್ನು ಸದಸ್ಯರ ಗಮನಕ್ಕೆ ತರುತ್ತಿದ್ದೇವೆ. ವರ್ಷಕ್ಕೊಮ್ಮೆ ಮಾಲೀಕರಿಂದ ಹಿಡಿದು ಕ್ಲೀನರ್‌ವರೆಗೆ ಎಲ್ಲರಿಗೂ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ. ಉಳಿದ ಪೂರಿ, ಬೋಂಡಾದಲ್ಲಿ ಹುಡುಗರ ಹೊಟ್ಟೆ ತುಂಬಿಸುವುದು ನಿಂತಿದೆ. ಪಲ್ಯ, ಬೇಳೆ, ಮಜ್ಜಿಗೆ ಇರುವ ಊಟ ಹೊತ್ತಿಗೆ ಸರಿಯಾಗಿ. ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಬ್ಬಂದಿಯ ಅಡುಗೆಯಲ್ಲಿ ಕೈ ಹಿಡಿದಿದ್ದೇವೆ. ಕರಿದ ಎಣ್ಣೆಯ ಕೆಡುವ ಅಂಶ ಶೇ. ೨೫ ಮೀರಬಾರದೆಂಬ ನಿಯಮ ೨೦೧೮ರ ಜುಲೈಯಿಂದ ಇದೆ. ವನಸ್ಪತಿ, ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. ೨ ಮೀರಬಾರದೆಂಬುದು ೨೦೨೨ರ ಜನವರಿಯಿಂದ. ಇದು ಇನ್‌ಸ್ಪೆಕ್ಟರಿಗಾಗಿ ಮಾತ್ರವಲ್ಲ, ತಿನ್ನುವವರಿಗಾಗಿ ಮತ್ತು ನಮಗಾಗಿ. ರಾತ್ರಿ ಆರ್ಡರಿಗೆ ಹೋದವರಿಗೆ ಮರುದಿನ ಬೆಳಗಿನ ಪಾಳಿ ಇಲ್ಲ. ಅಡುಗೆಮನೆಯಲ್ಲಿ ಬೀಡಿ, ಜರ್ದಾ ಇಲ್ಲ.

ಒಲೆಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ: ಮುಖ ವಾಲಿತೇ, ಕೈ ಸೋತಿತೇ, ಮಾತು ತೊದಲಿತೇ, ಕೂಡಲೇ ಆಸ್ಪತ್ರೆಗೆ. ಐದು ಹತ್ತು ನಿಮಿಷದಲ್ಲಿ ಸರಿಹೋದರೂ ಹೋಗಲೇಬೇಕು.

ಭಟ್ಟರು ಈಗ ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ರುಚಿ ನೋಡಿ ಹುಡುಗರಿಗೆ ಹದ ಹೇಳಿಕೊಡುತ್ತಾರೆ. ಬಲಗೈಗೆ ಸೌಟು ಹಿಡಿಯುವ ಶಕ್ತಿ ಬಂದಿಲ್ಲ. ಬಾಂಧವರೇ, ನಮ್ಮ ಬಂಡವಾಳ ಪಾತ್ರೆ ಪರಡಿಯಲ್ಲ, ಇಂಥ ಕೈಗಳು. ಇವನ್ನು ಮೊದಲು ಕಾಪಾಡಿಕೊಳ್ಳೋಣ ಎಂದು ವಿನಂತಿ.